ಸರ್ ಎಂ. ವಿ. ಅವರ ಕೈಗೂಡದ ಕಾರ್ಖಾನೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ನಮ್ಮ ಜನದ ಕಣ್ಣಮುಂದೆ ನಿಲ್ಲುವುದು ಕೈಗೂಡಿದ ಕಾರ್ಯಗಳ ಒಂದು ದೊಡ್ಡ ಸಾಲು. ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಗಂಧದೆಣ್ಣೆ, ಸಾಬೂನು, ನಮ್ಮ ಸಾಹಿತ್ಯ ಪರಿಷತ್ತು, ಎಲ್ಲವನ್ನೂ ಶಾಲೆಯ ಹುಡುಗರು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಅದರ ಬೆನ್ನಿಗೇ ಸರ್ಕಾರದ ಮೇಣದ ಬತ್ತಿ, ಸ್ವಂತದ ಮೇಣದ ಬತ್ತಿ ಎಂಬ ಕಥೆಯೂ ತಪ್ಪದೆ ಬರುತ್ತದೆ. ಆ ಕಥೆ ನಿಜವಿರಲಿ, ಕಟ್ಟಿದ್ದಿರಲಿ, ಅದರ ಬೆಳಕಿನಲ್ಲಿ ಆ ಮಹನೀಯರ ಪ್ರಾಮಾಣಿಕತೆ ಕಾಣುತ್ತದೆಯೇ ಹೊರತು ಬುದ್ಧಿಯ ಆಳ ಕಾಣುವುದಿಲ್ಲ. ಅದನ್ನು ಕಾಣಬೇಕೆಂದರೆ ಅವರಿಗೆ ಕೈಗೂಡದೆ ಹೋದ ಕಾರ್ಯವೊಂದನ್ನು ನೋಡಬೇಕು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಭಾರತದಲ್ಲಿ ಮೋಟಾರು ಕಾರು ತಯಾರಿಸುವ ಕಾರ್ಖಾನೆಯೊಂದನ್ನು ಕಟ್ಟಿಸಲು ಹೊರಟರು. ಹಲವು ವರ್ಷ ಅದಕ್ಕಾಗಿ ದುಡಿದರು. ಕಾರ್ಖಾನೆ ಅವರು ಎಣಿಸಿದ ರೀತಿಯಲ್ಲಿ ಏಳಲಿಲ್ಲ. ಪಠ್ಯಪುಸ್ತಕಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ, ಇಲ್ಲವೆ ಹೇಳುವುದೇ ಇಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹಣಕಾಸಿನ ಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟದ ಮನೆಗಳಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಪಂಪನ ಜೊತೆಗೆ ಷೇರು ಪೇಟೆಯನ್ನೂ ಓದುತ್ತಾರೆ. ಅಡಿಕೆ ಮಾರಿ ಉಳಿದ ಹಣವನ್ನು ಬ್ಯಾಟರಿಯಿಂದ ಓಡುವ ಕಾರು ಮಾಡುವ ಹೊಸ ಕಂಪನಿಗಳಲ್ಲಿ ತೊಡಗಿಸಬೇಕೆ, ಪೆಟ್ರೋಲು ಡೀಸೆಲು ಕಾರುಗಳಲ್ಲಿ ಹೆಸರು ಮಾಡಿದ ಹಳೆಯ ಕಂಪನಿಗಳನ್ನೇ ನಂಬಬೇಕೆ ಎಂಬ ಚರ್ಚೆ ತರಗತಿಯ ಹೊರಗಿನ ಕಟ್ಟೆಯ ಮೇಲೆ ಬಿಸಿಯಾಗಿಯೇ ನಡೆಯುತ್ತದೆ. ಹೊಸಬರ ಪಕ್ಷದವರು ಹಳಬರನ್ನು ಮುದುಕರೆನ್ನುತ್ತಾರೆ. ಹಳಬರ ಪಕ್ಷದವರು ಹೊಸಬರನ್ನು ಗಾಳಿಗೋಪುರದವರೆನ್ನುತ್ತಾರೆ. ಈ ಜಗಳ ಹೊಸದಲ್ಲ. ನಮ್ಮ ಸೀಮೆಗೆ ಸೇರಿದ ಮನುಷ್ಯನೊಬ್ಬ ಸುಮಾರು 90 ವರ್ಷಗಳ ಹಿಂದೆಯೇ ಇದರ ನಡುವೆ ನಿಂತಿದ್ದ ಎಂದು ನಾನು ಅವರಿಗೆ ಹೇಳುವುದುಂಟು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ತಂದೆ ಬೇಗ ತೀರಿಕೊಂಡರು. ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದಿದ. ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚು ತೂಗಿಸಿದ. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ. ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಸಾಧ್ಯವಾಯಿತು. 1884ರಲ್ಲಿ ಬೊಂಬಾಯಿ ಪ್ರಾಂತದ ಮರಾಮತ್ತು ಇಲಾಖೆಯನ್ನು ಸೇರಿ, ನಾಸಿಕ್, ಖಾನದೇಶ, ಸಿಂಧದ ಸಕ್ಕರ್, ಪುಣೆ ಎಂದು ಸುತ್ತಿ, ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಕಲ್ಪಿಸಿ, 1908ರಲ್ಲಿ ಆ ನೌಕರಿಯನ್ನು ಬಿಟ್ಟರು. ಮೂಸಿ ನದಿಯ ಪ್ರವಾಹದಿಂದ ಹಾಳಾಗಿದ್ದ ಹೈದರಾಬಾದಿಗೆ ಯೋಜನೆ ಹಾಕಿಕೊಟ್ಟ ಮೇಲೆ 1909ರ ಕೊನೆಯಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ ಬಂದರು. ಇಷ್ಟು ಎಲ್ಲರಿಗೂ ತಿಳಿದದ್ದೇ.

ಇಲ್ಲಿಂದ ಮುಂದೆ ನಾವು ಗಮನಿಸಬೇಕಾದದ್ದು ಅವರ ಒಂದು ಅಭ್ಯಾಸವನ್ನು. ಯಾವ ಕೆಲಸವನ್ನೇ ಆಗಲಿ, ಅದಕ್ಕೆ ಹಣ ಕೊಡುವವನ ಜಾಗದಲ್ಲಿ ತಾವೇ ಕುಳಿತು ನೋಡುತ್ತಿದ್ದರು. ಕನ್ನಂಬಾಡಿಯ ವಿಷಯವನ್ನೇ ತೆಗೆದುಕೊಳ್ಳಿ. ಎರಡೂವರೆ ಕೋಟಿ ರೂಪಾಯಿಯ ಅಂದಾಜು. ಅಂದಿನ ಮೈಸೂರಿಗೆ ಅದು ಎದೆ ನಡುಗಿಸುವ ಮೊತ್ತ. ಖಜಾನೆ ಕಾಯುವವರು ಹಿಂಜರಿದರು. ಬೆಳೆಗೆ ನೀರು ಹರಿದು ಕಂದಾಯ ಬರುವುದು ಯಾವ ಕಾಲಕ್ಕೋ. ಆಗ ವಿಶ್ವೇಶ್ವರಯ್ಯನವರು ಮುಂದಿಟ್ಟದ್ದು ಕೋಲಾರದ ಚಿನ್ನದ ಗಣಿಗಳನ್ನು. ಶಿವನಸಮುದ್ರದಿಂದ 1902ರಿಂದಲೇ ಆ ಗಣಿಗಳಿಗೆ ವಿದ್ಯುತ್ತು ಹೋಗುತ್ತಿತ್ತು; ಬೇಸಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮೇಲೆ ನೀರು ಕಟ್ಟಿ ನಿಲ್ಲಿಸಿದರೆ ವರ್ಷವಿಡೀ ಒಂದೇ ಸಮನೆ ಶಕ್ತಿ ಕೊಡಬಹುದು, ಗಣಿಯವರು ಅದಕ್ಕೆ ದುಡ್ಡು ಕೊಡುತ್ತಾರೆ, ಆ ದುಡ್ಡು ಕಟ್ಟೆಯ ಮೊದಲ ಹಂತವನ್ನು ಹೊರುತ್ತದೆ. ನೀರಾವರಿಯ ಕನಸಿಗೆ ವಿದ್ಯುತ್ತಿನ ವ್ಯಾಪಾರವನ್ನು ಜಾಮೀನಾಗಿ ನಿಲ್ಲಿಸಿದ್ದು ಇಂಜಿನಿಯರಿನ ಬುದ್ಧಿಯಷ್ಟೇ ಅಲ್ಲ, ಸಾಹುಕಾರನ ಬುದ್ಧಿಯೂ ಹೌದು. 1911ರಲ್ಲಿ ಮಹಾರಾಜರ ಒಪ್ಪಿಗೆ ದೊರೆತು ಕೆಲಸ ಆರಂಭವಾಯಿತು.

1912ರ ನವೆಂಬರಿನಲ್ಲಿ ದಿವಾನರಾದ ಮೇಲೆ ಅವರು ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು 1913ರ ಮೈಸೂರು ಬ್ಯಾಂಕು. ಇದನ್ನು ನಾವು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನನಗೆ ತೋರುತ್ತದೆ. ಕಾರ್ಖಾನೆ ಕಟ್ಟುವ ಮೊದಲು ಕಾರ್ಖಾನೆಗೆ ಹಣ ಹರಿಯುವ ಕಾಲುವೆಯನ್ನು ತೋಡಬೇಕೆಂದು ತಿಳಿದವರು ಅವರು. 2017ರಲ್ಲಿ ಆ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗುವವರೆಗೆ ನಮ್ಮೂರುಗಳ ಎಷ್ಟೋ ಮನೆಗಳ ಅಡಿಕೆಯ ದುಡ್ಡು ಅದರಲ್ಲಿಯೇ ಇರುತ್ತಿತ್ತು. ಮಲೆನಾಡಿನ ಚಳಿಜ್ವರ, ಜನಕ್ಷಯ, ದಾರಿಗಳ ದುರವಸ್ಥೆ, ಇವುಗಳ ಕಡೆಗೂ ಅವರ ದೃಷ್ಟಿ ಹರಿಯಿತು; ಮಲೆನಾಡಿನ ಸುಧಾರಣೆಗೆಂದೇ ಒಂದು ಯೋಜನೆ ಅವರ ಕಾಲದಲ್ಲಿ ಹೊರಟಿತು. ಆರು ವರ್ಷಗಳ ದಿವಾನಗಿರಿ 1918ರ ಕೊನೆಗೆ ಮುಗಿಯಿತು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಸ್ಥಾನ ಮೀಸಲಿಡುವ ಪ್ರಶ್ನೆಯಲ್ಲಿ ಅವರಿಗೂ ಮಹಾರಾಜರಿಗೂ ಅಭಿಪ್ರಾಯ ಕೂಡಲಿಲ್ಲ. ಆ ಪ್ರಶ್ನೆಯಲ್ಲಿ ಮಹಾರಾಜರೇ ಹೆಚ್ಚು ದೂರ ಕಂಡಿದ್ದರೆಂದು ಹೇಳುವುದರಿಂದ ವಿಶ್ವೇಶ್ವರಯ್ಯನವರ ಗೌರವಕ್ಕೆ ಕುಂದಿಲ್ಲ.

ಇನ್ನು ಭದ್ರಾವತಿ. ಮೋಟಾರಿನ ಕಥೆಗೆ ಇದು ಪೀಠಿಕೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕೆಮ್ಮಣ್ಣುಗುಂಡಿಯ ಅದಿರು, ಶಿವಮೊಗ್ಗ ಸೀಮೆಯ ಕಾಡಿನ ಇದ್ದಲು, ಭದ್ರೆಯ ನೀರು, ಇವನ್ನು ಕೂಡಿಸಿ ಕಬ್ಬಿಣ ತೆಗೆಯುವ ಕಾರ್ಖಾನೆ ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಹೊರಟು 1923ರಲ್ಲಿ ಉರಿಯತೊಡಗಿತು. ಆರಂಭಿಸಿದಾಗ ಕಬ್ಬಿಣಕ್ಕೆ ಯುದ್ಧದ ಬೆಲೆ. ಮುಗಿಸಿದಾಗ ಶಾಂತಿಯ ಬೆಲೆ. ಬೀಡುಕಬ್ಬಿಣ ಅಗ್ಗವಾಗಿ, ಕಾರ್ಖಾನೆ ನಷ್ಟದಲ್ಲಿ ನಿಂತಿತು. ಇದೊಂದು ಬಿಳಿಯಾನೆ, ಮುಚ್ಚುವುದೇ ಮೇಲು ಎಂದು ವಿದ್ಯಾವಂತರೇ ಆಡಿಕೊಂಡರು. ಆಗ ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಯಿತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಖರ್ಚನ್ನು ಹಿಡಿತಕ್ಕೆ ತಂದರು. ಪರದೇಶದ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತು ಮಾಡಿ ತಂದರು. ತಮಗೆ ಸಲ್ಲಬೇಕಾದ ಸಂಬಳದ ಹಣವನ್ನು ಕೈಯಿಂದ ಮುಟ್ಟಲಿಲ್ಲ. ಅದು ಬೆಳೆದು ಲಕ್ಷವನ್ನು ಮೀರಿದಾಗ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿರೆಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹಾಗೆ. ಮೇಣದ ಬತ್ತಿಯ ಕಥೆಗಿಂತ ಇದು ದೊಡ್ಡದು, ದಾಖಲೆಯೂ ಉಳ್ಳದ್ದು.

ಭದ್ರಾವತಿ ಅವರಿಗೆ ಎರಡು ಸಂಗತಿಗಳನ್ನು ಕಲಿಸಿತೆಂದು ನನ್ನ ಊಹೆ. ಹೊಸ ಕಾರ್ಖಾನೆ ಮೊದಲ ಕೆಲವು ವರ್ಷ ನಷ್ಟ ತಿಂದೇ ತಿನ್ನುತ್ತದೆ. ಆ ವರ್ಷಗಳಲ್ಲಿ ಅದರ ಬೆನ್ನಿಗೆ ನಿಲ್ಲುವವನೊಬ್ಬ ಬೇಕು. ಮಹಾರಾಜರ ಸರ್ಕಾರ ಬೆನ್ನಿಗಿಲ್ಲದಿದ್ದರೆ ಭದ್ರಾವತಿ 1925ರ ಹೊತ್ತಿಗೆ ಹುಲ್ಲು ಬೆಳೆದ ಬಯಲಾಗುತ್ತಿತ್ತು. ಎರಡನೆಯದು, ಕಬ್ಬಿಣ ಮಾರಿ ಬದುಕುವುದು ಕಷ್ಟ. ಕಬ್ಬಿಣದಿಂದ ಮಾಡಿದ ಯಂತ್ರ ಮಾರಿ ಬದುಕುವುದು ಸುಲಭ. ಮೋಟಾರು ಕಾರಿನಲ್ಲಿ ಉಕ್ಕು, ರಬ್ಬರು, ಗಾಜು, ಬಣ್ಣ, ತೊಗಲು, ವಿದ್ಯುತ್ ಸಾಮಗ್ರಿ ಎಲ್ಲ ಬೇಕು. ಒಂದು ಕಾರ್ಖಾನೆ ನಿಂತರೆ ಅದರ ಸುತ್ತ ನೂರು ಕಸುಬುಗಳು ನಿಲ್ಲುತ್ತವೆ. 1934ರಲ್ಲಿ ಭಾರತದ ಆರ್ಥಿಕ ಯೋಜನೆಯನ್ನು ಕುರಿತು ಪುಸ್ತಕ ಬರೆದವರು, ಮರುವರ್ಷವೇ ಯುರೋಪು ಅಮೆರಿಕಗಳಿಗೆ ಹೊರಟು, ಡೆಟ್ರಾಯಿಟಿನ ಮಹಾ ಕಾರ್ಖಾನೆಗಳನ್ನು ಕಂಡು, ಅಂಕಿಗಳನ್ನು ತುಂಬಿಕೊಂಡು ಬಂದು ವರದಿಯನ್ನು ಸಿದ್ಧಪಡಿಸಿದರು. ಆಗ ಅವರಿಗೆ 74 ವರ್ಷ. ಆ ವಯಸ್ಸಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಕಾಶಿಗೆ ಹೋಗಿ ಬರುತ್ತಾರೆ.

ಅಂದಿನ ಭಾರತದಲ್ಲಿ ಕಾರುಗಳಿರಲಿಲ್ಲವೆ? ಇದ್ದುವು. ಆದರೆ ಮಾಡುವವರು ನಾವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿಯೇ ಬೊಂಬಾಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದಿತ್ತು. ಕೆಲವೇ ವರ್ಷಗಳಲ್ಲಿ ಫೋರ್ಡ್ ಕಂಪನಿಯೂ ಬಂತು. ಭಾಗಗಳು ಹಡಗಿನಲ್ಲಿ ಬರುತ್ತಿದ್ದುವು, ಇಲ್ಲಿ ಅವನ್ನು ಕೂಡಿಸುತ್ತಿದ್ದರು, ಲಾಭ ಹಡಗಿನಲ್ಲಿಯೇ ಹಿಂದಿರುಗುತ್ತಿತ್ತು. ಇವರೇ ಅಂದಿನ ಹಳಬರು, ವಿಶ್ವೇಶ್ವರಯ್ಯನವರ ಕಾರ್ಖಾನೆಯೇ ಹೊಸಬ. ಇಂಥ ಹೊಸಬನಿಗೆ ಹಣ ಕೊಡುವ ಸಾಹುಕಾರ ಏನೇನು ಕೇಳುತ್ತಾನೆ? ಪಕ್ಕದಲ್ಲಿಯೇ ಫೋರ್ಡಿನ ಕಾರು ದೊರೆಯುವಾಗ ಹೆಸರಿಲ್ಲದ ಕಾರನ್ನು ಯಾರು ಕೊಳ್ಳುತ್ತಾರೆ? ವರ್ಷಕ್ಕೆ ಲಕ್ಷಗಟ್ಟಲೆ ಮಾಡುವವನ ಬೆಲೆಗೆ ಕೆಲವು ಸಾವಿರ ಮಾಡುವವನು ಹೇಗೆ ಮಾರುತ್ತಾನೆ? ಲಾಭ ಬರುವವರೆಗೆ ನನ್ನ ಹಣಕ್ಕೆ ಬಡ್ಡಿ ಕೊಡುವವರು ಯಾರು? ಈ ಮೂರು ಪ್ರಶ್ನೆಗಳನ್ನು ದೇಶಾಭಿಮಾನದ ಭಾಷಣದಿಂದ ತಳ್ಳಿಹಾಕುವಂತಿರಲಿಲ್ಲ. ವಿಶ್ವೇಶ್ವರಯ್ಯನವರು ತಳ್ಳಿಹಾಕಲೂ ಇಲ್ಲ. ಹೆಸರಿಗೆ ಉತ್ತರವಾಗಿ, ಹೆಸರುಳ್ಳ ಪರದೇಶದ ಕಂಪನಿಯೊಂದರ ತಾಂತ್ರಿಕ ನೆರವನ್ನು ಪಡೆದು ಒಡೆತನವನ್ನು ಮಾತ್ರ ನಮ್ಮವರಲ್ಲಿಯೇ ಇಟ್ಟುಕೊಳ್ಳುವ ಏರ್ಪಾಡು. ಮೂರನೆಯ ಪ್ರಶ್ನೆಗೆ ಉತ್ತರವಾಗಿ, ಕೆಲವು ವರ್ಷಗಳವರೆಗೆ ಬಂಡವಾಳದ ಮೇಲೆ ಕನಿಷ್ಠ ಪ್ರತಿಫಲಕ್ಕೆ ಸರ್ಕಾರದ ಖಾತರಿ. ಇದು ದಾನವಲ್ಲ, ಭಾರತದಲ್ಲಿ ರೈಲು ಹಾಕಿದ ಇಂಗ್ಲಿಷ್ ಕಂಪನಿಗಳಿಗೆ ಹಿಂದೆ ಇಂಥದೇ ಖಾತರಿಯನ್ನು ನಮ್ಮ ತೆರಿಗೆಯ ಹಣದಿಂದಲೇ ಕೊಡಲಾಗಿತ್ತು. ಆಗ ಯಾರಿಗೂ ಅದು ಅರ್ಥಶಾಸ್ತ್ರಕ್ಕೆ ವಿರುದ್ಧವೆನಿಸಿರಲಿಲ್ಲ.

ಬೊಂಬಾಯಿಯಲ್ಲಿ 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲ ಖಾತರಿಗೆ ಒಪ್ಪಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಬಂಡವಾಳದ ಹೊಣೆ ಹೊರಲು ಮುಂದೆ ಬಂದರು. ಇನ್ನೇನು ಕೆಲಸ ತೊಡಗಬೇಕೆನ್ನುವಾಗ ಯುದ್ಧ ಬಂತು. 1939ರ ಕೊನೆಯಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಖಾತರಿಯೂ ಅದರೊಡನೆ ಹೋಯಿತು. ವಾಲ್‌ಚಂದರು ಅಮೆರಿಕಕ್ಕೆ ಹೋಗಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಕಟ್ಟುವ ಮಾತು ಬಲವಾಯಿತು. ಮಿರ್ಜಾ ಇಸ್ಮಾಯಿಲರ ಸರ್ಕಾರ ಬೆಂಬಲ ಕೊಡಲು ಸಿದ್ಧವಾಗಿತ್ತು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಉಕ್ಕು, ಬೆಂಗಳೂರಿನ ಕುಶಲಿಗಳು ಎಲ್ಲ ಕೈಯಳತೆಯಲ್ಲಿದ್ದುವು. ಬ್ರಿಟಿಷ್ ಭಾರತ ಸರ್ಕಾರ ಅಡ್ಡ ನಿಂತಿತು. ಯುದ್ಧಕ್ಕೆ ಇದು ಅಗತ್ಯವಲ್ಲ, ಡಾಲರು ಕೊಡಲಾಗದು ಎಂಬ ಮಾತು. ದೇಶೀಯ ಸಂಸ್ಥಾನವೊಂದು ಇಂಥ ಉದ್ಯಮದಲ್ಲಿ ಕೈಹಾಕುವುದಕ್ಕೂ ಅಸಮ್ಮತಿ. ಯುದ್ಧಕ್ಕೆ ಲಾರಿ ಬೇಡವೆಂದ ಸರ್ಕಾರ ಅದೇ ಯುದ್ಧಕ್ಕಾಗಿ ಹೊರದೇಶಗಳಿಂದ ಲಾರಿಗಳನ್ನು ತರಿಸಿಕೊಳ್ಳುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಒಂದು ವಿಚಿತ್ರ ನಡೆಯಿತು. ಮೋಟಾರಿಗೆ ಸಿಕ್ಕದ ಒಪ್ಪಿಗೆ ವಿಮಾನಕ್ಕೆ ಸಿಕ್ಕಿತು. ಅದೇ ವಾಲ್‌ಚಂದರು, ಅದೇ ಮೈಸೂರು ಸರ್ಕಾರದೊಡನೆ ಕೂಡಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1942ರಲ್ಲಿ ಸರ್ಕಾರ ಅವರ ಪಾಲನ್ನು ಕೊಂಡುಕೊಂಡಿತು. ಇಂದಿನ ಎಚ್. ಎ. ಎಲ್. ಅದೇ. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿಯೇ ಹುಟ್ಟಿತ್ತು. ಕಾರು ಭಾರತಕ್ಕೆ ಬಂತು, ಮೈಸೂರಿಗೆ ಬರಲಿಲ್ಲ. ಆ ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಕ್ಕದೆ ನಮ್ಮ ಮಲೆನಾಡಿನ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು, ಏರು ಬಂದಾಗ ಪ್ರಯಾಣಿಕರನ್ನು ಕೆಳಗಿಳಿಸಿ ಏದುಸಿರು ಬಿಡುತ್ತಿದ್ದುದನ್ನು ಹಿರಿಯರು ಹೇಳುತ್ತಿದ್ದರು. ಪೆಟ್ರೋಲನ್ನು ನಂಬಿದ ಗಾಡಿ ಪೆಟ್ರೋಲು ಉಳ್ಳವನ ದಯೆಯಲ್ಲಿ ಓಡಬೇಕೆಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು.

ವಿಶ್ವೇಶ್ವರಯ್ಯನವರು ಕಟ್ಟಬಯಸಿದ್ದು ಪೆಟ್ರೋಲಿನ ಗಾಡಿಯನ್ನೇ. ವಿದ್ಯುತ್ ಕಾರಿನ ದಾರ್ಶನಿಕರೆಂದು ಅವರಿಗೆ ಹೊಸ ಬಿರುದನ್ನು ನಾನು ತೊಡಿಸುವುದಿಲ್ಲ. ವಿದ್ಯುತ್ ಕಾರು ಅವರ ಯೌವನದ ಕಾಲದಲ್ಲಿ ಒಮ್ಮೆ ಬಂದು ಹೋದ ಅತಿಥಿ. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಮೂರರಲ್ಲೊಂದು ಬ್ಯಾಟರಿಯದು. ಎಲೆಕ್ಟ್ರಿಕ್ ವೆಹಿಕಲ್ ಕಂಪನಿ ಎಂಬುದು ನಗರನಗರಗಳಲ್ಲಿ ಬ್ಯಾಟರಿಯ ಬಾಡಿಗೆ ಗಾಡಿಗಳನ್ನು ಓಡಿಸುತ್ತೇವೆಂದು ದೊಡ್ಡ ಸಾಹುಕಾರರ ಹಣ ಎತ್ತಿ, 1907ರಲ್ಲಿ ದಿವಾಳಿಯಾಯಿತು. ಮರುವರ್ಷ ಫೋರ್ಡಿನ ಅಗ್ಗದ ಕಾರು ಬಂತು. ಕೆಲವು ವರ್ಷಗಳಲ್ಲಿ ಕೈಯಿಂದ ತಿರುವದೆ ಇಂಜಿನ್ನನ್ನು ಹೊರಡಿಸುವ ಸಾಧನವೂ ಬಂತು. ಬ್ಯಾಟರಿಯ ಗಾಡಿ ಮೂಲೆ ಸೇರಿತು. ಹೊಸದೆಲ್ಲ ಗೆಲ್ಲುತ್ತದೆಂದು ಹೇಳುವ ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಮೊದಲು ಹೇಳುತ್ತೇನೆ. ಅವರಿಗೆ ಅಷ್ಟು ಹಿತವಾಗುವುದಿಲ್ಲ.

ಅದೇ ಅತಿಥಿ ನೂರು ವರ್ಷಗಳ ಮೇಲೆ ಮತ್ತೆ ಬಾಗಿಲು ತಟ್ಟಿದಾಗ ಹಣವಂತರ ಮನಸ್ಸು ಪೂರ್ತಿ ತಿರುಗಿತ್ತು. 2019ರಲ್ಲಿ ಅಮೆರಿಕದ ಟೆಸ್ಲಾ ಕಂಪನಿ ಗ್ರಾಹಕರಿಗೆ ಒಪ್ಪಿಸಿದ್ದು ಸುಮಾರು 3,67,500 ಕಾರುಗಳನ್ನು. ನಮ್ಮ ಬಿಡದಿಯಲ್ಲಿಯೂ ಕಾರ್ಖಾನೆಯುಳ್ಳ ಜಪಾನಿನ ಟೊಯೊಟಾ ಸಮೂಹ ಅದೇ ವರ್ಷ ಮಾರಿದ್ದು ಒಂದು ಕೋಟಿಗೂ ಮಿಗಿಲು. ಆದರೂ 2020ರ ಜುಲೈನಲ್ಲಿ ಷೇರು ಪೇಟೆ ಕಟ್ಟಿದ ಬೆಲೆಯಲ್ಲಿ ಟೆಸ್ಲಾ ಟೊಯೊಟಾವನ್ನು ಮೀರಿತು. ಇದಕ್ಕೆ ಹಣವಂತರು ಕೊಟ್ಟ ಕಾರಣ ಇದು: ಹಳಬರ ಇಂಜಿನ್ ಕಾರ್ಖಾನೆಗಳು, ಗಿಯರುಗಳ ಕಾರ್ಖಾನೆಗಳು, ಹತ್ತಾರು ಸಾವಿರ ಕೆಲಸಗಾರರು, ಒಂದು ಕಾಲದಲ್ಲಿ ಯಾವುದು ಅವರ ಆಸ್ತಿಯಾಗಿತ್ತೋ ಅದೇ ಇನ್ನು ಹೊರೆ, ಹೊಸಬನಿಗೆ ಕಳಚಬೇಕಾದ ಹೊರೆಯಿಲ್ಲ. ವಿದ್ಯುತ್ ಕಾರಿನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಬ್ಯಾಟರಿಯದು. ಬ್ಯಾಟರಿಯಲ್ಲಿ ಹಳಬನಿಗೂ ಹೊಸಬನಿಗೂ ಒಂದೇ ಗೆರೆಯಿಂದ ಓಟ. ವಿಶ್ವೇಶ್ವರಯ್ಯನವರ ಕಾಲದ ಸಾಹುಕಾರ ಹಳಬನ ಗಾತ್ರವನ್ನು ಕಂಡು ಹೊಸಬನಿಗೆ ಹೆದರಿದ. ಈ ಕಾಲದ ಸಾಹುಕಾರ ಅದೇ ಗಾತ್ರವನ್ನು ಕಂಡು ಹಳಬನಿಗೆ ಹೆದರಿದ.

ಹೆದರಿಕೆ ತಿರುಗಿದ್ದರಿಂದ ವಿವೇಕ ಹೆಚ್ಚಿತೆಂದು ಹೇಳಲಾರೆ. ರಿವಿಯನ್ ಎಂಬ ಅಮೆರಿಕದ ಹೊಸ ಕಂಪನಿ 2021ರ ನವೆಂಬರಿನಲ್ಲಿ ಷೇರು ಪೇಟೆಗೆ ಬಂದಾಗ ಗ್ರಾಹಕರ ಕೈಗೆ ಕೆಲವು ನೂರು ಗಾಡಿಗಳಷ್ಟೇ ತಲಪಿದ್ದಿರಬೇಕು; ಪೇಟೆ ಅದನ್ನು ಶತಮಾನದ ಫೋರ್ಡಿಗಿಂತ ಬೆಲೆಯುಳ್ಳದ್ದೆಂದು ಎಣಿಸಿತು. 2022ರ ಕೊನೆಗೆ ಆ ಷೇರು ಮೊದಲು ಹಂಚಿದ ಬೆಲೆಯ ಕಾಲುಭಾಗಕ್ಕೂ ಕೆಳಗಿಳಿದಿತ್ತು. ನಮ್ಮ ಬೆಂಗಳೂರಿನ ರೇವಾ ಇದಕ್ಕೆ ವಿರುದ್ಧದ ನಿದರ್ಶನ. 2001ರಲ್ಲಿಯೇ ಅದು ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿತು. ಲಂಡನಿನ ಬೀದಿಗಳಲ್ಲಿಯೂ ಅದು ಓಡಿತು. ಆದರೆ ದೊಡ್ಡ ಬಂಡವಾಳ ಅದರ ಕಡೆ ನೋಡಲಿಲ್ಲ, ಸರ್ಕಾರದ ಬೆಂಬಲವೂ ಆ ಕಾಲಕ್ಕೆ ಒದಗಲಿಲ್ಲ. ಕೆಲವೇ ಸಾವಿರ ಕಾರು ಮಾಡಿ 2010ರಲ್ಲಿ ಮಹೀಂದ್ರ ಕಂಪನಿಯ ವಶವಾಯಿತು. ಅಂದರೆ ಟೆಸ್ಲಾ ಪೇಟೆಗೆ ಕಾಲಿಟ್ಟ ವರ್ಷವೇ. ಕಾಲಕ್ಕೆ ಮುಂಚೆ ಬಂದದ್ದೂ ಒಂದು ದೋಷವೆ ಎಂದು ಕೇಳಿದರೆ, ಬಂಡವಾಳದ ದೃಷ್ಟಿಯಿಂದ ಹೌದೆನ್ನಬೇಕಾಗುತ್ತದೆ.

ಇಷ್ಟನ್ನು ಹೇಳಿ ಮತ್ತೆ ಖಾತರಿಯ ಮಾತಿಗೆ ಬರುತ್ತೇನೆ. ಟೆಸ್ಲಾದ ಗೆಲುವನ್ನು ಒಬ್ಬ ಸಾಹಸಿಯ ಗೆಲುವೆಂದು ಹೊಗಳುವವರು ಒಂದು ಅಂಕಿಯನ್ನು ಮರೆಯುತ್ತಾರೆ. ಕಂಪನಿ ಕುತ್ತಿಗೆಯವರೆಗೆ ಮುಳುಗಿದ್ದ ಕಾಲದಲ್ಲಿ ಅಮೆರಿಕದ ಇಂಧನ ಇಲಾಖೆ ಅದಕ್ಕೆ 46 ಕೋಟಿ 50 ಲಕ್ಷ ಡಾಲರ್ ಸಾಲ ಕೊಡಲು ಒಪ್ಪಿತು. 2013ರಲ್ಲಿ ಆ ಸಾಲ ಪೂರ್ತಿ ತೀರಿತು. ಅದೇ ಇಲಾಖೆ ಅದೇ ಯೋಜನೆಯಲ್ಲಿ ಫಿಸ್ಕರ್ ಎಂಬ ಇನ್ನೊಂದು ಹೊಸ ಕಂಪನಿಗೂ ಸಾಲ ಕೊಟ್ಟಿತ್ತು. ಅದು ಅದೇ 2013ರಲ್ಲಿ ದಿವಾಳಿಯಾಯಿತು. ಸರ್ಕಾರ ಬೆನ್ನಿಗೆ ನಿಂತ ಮಾತ್ರಕ್ಕೆ ಹೊಸಬ ಗೆಲ್ಲುವುದಿಲ್ಲ. ಬೆನ್ನಿಗೆ ಯಾರೂ ಇಲ್ಲದಿದ್ದರೆ ಗೆಲ್ಲುವ ಶಕ್ತಿಯುಳ್ಳವನೂ ಉಳಿಯುವುದಿಲ್ಲ. ಚೀನದ ವಿದ್ಯುತ್ ಕಾರುಗಳ ಹಿಂದೆಯೂ ಸರ್ಕಾರದ ಕೈ ಇದೆ. ನಮ್ಮ ಭಾರತ ಸರ್ಕಾರವೂ 2019ರಲ್ಲಿ ವಿದ್ಯುತ್ ವಾಹನಗಳ ಎರಡನೆಯ ಹಂತದ ಯೋಜನೆಗೆ 10,000 ಕೋಟಿ ರೂಪಾಯಿ ಇಟ್ಟಿತು. ಎರಡು ವರ್ಷದ ಮೇಲೆ, 2021ರ ಅಕ್ಟೋಬರಿನಲ್ಲಿ, ಪರದೇಶದ ಬಂಡವಾಳಗಾರರು ಟಾಟಾ ಮೋಟಾರ್ಸ್ ಕಂಪನಿಯ ವಿದ್ಯುತ್ ವಾಹನದ ವಿಭಾಗಕ್ಕೆ 7,500 ಕೋಟಿ ರೂಪಾಯಿ ಹೂಡಲು ಒಪ್ಪಿದರು. ಹಳಬನೇ ತನ್ನ ಮನೆಯೊಳಗೆ ಒಬ್ಬ ಹೊಸಬನನ್ನು ಹುಟ್ಟಿಸಿ, ಅವನ ಹೆಸರಿನಲ್ಲಿ ಹಣ ತಂದದ್ದು ಜಾಣತನ. 1936ರ ವರದಿಯನ್ನು ಬರೆದವರು ಇದನ್ನು ಕಂಡಿದ್ದರೆ ಮುಗುಳ್ನಗುತ್ತಿದ್ದರೆಂದು ತೋರುತ್ತದೆ. ಅವರು ನಗುತ್ತಿದ್ದುದು ಅಪರೂಪವಾದರೂ.

ಖಾತರಿಗೆ ಇನ್ನೊಂದು ಮುಖವೂ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ವಿಶ್ವೇಶ್ವರಯ್ಯನವರು ಬಯಸಿದ್ದು ಎಳೆಯ ಸಸಿಗೆ ಕೆಲಕಾಲದ ಬೇಲಿ. ಸ್ವಾತಂತ್ರ್ಯದ ಮೇಲೆ ಬಂದದ್ದು ದಶಕಗಳ ಗೋಡೆ. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ 1950ರ ದಶಕದ ನಡುವಿಗೆ ಹೊರಟುಹೋದುವು. ಗೋಡೆಯ ಒಳಗೆ ನಮ್ಮ ಎರಡು ಮೂರು ಕಂಪನಿಗಳು ಒಂದೇ ಮಾದರಿಯ ಕಾರನ್ನು ವರ್ಷಾನುಗಟ್ಟಲೆ ಮಾಡಿದುವು. ಕೊಳ್ಳುವವನು ಹಣ ಕಟ್ಟಿ ವರ್ಷಗಳು ಕಾದ. ಲಾಭ ಖಚಿತ, ಆದ್ದರಿಂದ ಹೊಸತನಕ್ಕೆ ಅವಸರವಿಲ್ಲ. ಅಂಬಾಸಿಡರ್ ಕಾರು 2014ರವರೆಗೂ ತಯಾರಾಗುತ್ತಿತ್ತೆಂದರೆ ಬೇರೆ ಮಾತು ಬೇಡ. ಬೇಲಿಯನ್ನು ಯಾವಾಗ ತೆಗೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಸಸಿ ಮರವಾಗುವುದಿಲ್ಲ, ಬೋನ್ಸಾಯ್ ಆಗುತ್ತದೆ.

ಬಂಡವಾಳದ ಮಾತಾಡುವಾಗ ನಮ್ಮ ಸೀಮೆಯವರು ಬಾಯಿಬಿಟ್ಟು ಹೇಳಬೇಕಾದ ಒಂದು ಸಂಗತಿಯಿದೆ. ಜೋಗದ ಜಲಪಾತವನ್ನು ಕಂಡು, ಎಷ್ಟು ಶಕ್ತಿ ವ್ಯರ್ಥವಾಗುತ್ತಿದೆಯೆಂದು ವಿಶ್ವೇಶ್ವರಯ್ಯನವರು ಮರುಗಿದರೆಂದು ಜನ ಹೇಳುತ್ತಾರೆ. ಇದೂ ಮೇಣದ ಬತ್ತಿಯ ಜಾತಿಯ ಕಥೆಯೇ ಇರಬಹುದು. ಅವರ ಸ್ವಭಾವಕ್ಕಂತೂ ಒಪ್ಪುತ್ತದೆ. 1939ರಲ್ಲಿ ಅಲ್ಲಿ ಕೆಲಸ ಆರಂಭವಾಗಿ 1948ರಲ್ಲಿ ವಿದ್ಯುತ್ತು ಹರಿಯಿತು. ಆಮೇಲೆ ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿಯಿತು. ಹತ್ತು ಯಂತ್ರಗಳ, ಸಾವಿರ ಮೆಗಾವಾಟಿಗೂ ಮಿಕ್ಕ ಶಕ್ತಿಯ ಶರಾವತಿ ವಿದ್ಯುದಾಗಾರ ಅದರ ನೀರಿನಿಂದ ನಡೆಯುತ್ತದೆ. ಹೊಸನಗರದ ಕಡೆ ಚಕ್ರಾ, ಸಾವೆಹಕ್ಲು ಕಟ್ಟೆಗಳ ನೀರು ಅದೇ ಲಿಂಗನಮಕ್ಕಿಗೆ ಬರುತ್ತದೆ. ಮಾಣಿಯ ಕಟ್ಟೆಯ ನೀರು ವಾರಾಹಿಯ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಗೋಡೆಗೆ ತಂತಿ ಸಿಕ್ಕಿಸಿ ನಿಂತ ಕಾರು ಕುಡಿಯುವ ಶಕ್ತಿಯಲ್ಲಿ ಒಂದು ಪಾಲು ಸಾಗರ, ಹೊಸನಗರ ತಾಲ್ಲೂಕುಗಳ ಮುಳುಗಿದ ಗದ್ದೆ ತೋಟಗಳದು. ಯಾವ ಕಂಪನಿಯ ಷೇರುದಾರರ ಪುಸ್ತಕದಲ್ಲಿಯೂ ಆ ರೈತರ ಹೆಸರಿಲ್ಲ. ಜಮೀನನ್ನು ಹೂಡಿದವರ ಮೊಮ್ಮಕ್ಕಳು ಬದಲಿ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಅಲೆದರು. ತುಮರಿಯ ಕಡೆಯ ಹಳ್ಳಿಗಳವರು ಅರುವತ್ತು ವರ್ಷ ಹಿನ್ನೀರನ್ನು ಲಾಂಚಿನಲ್ಲಿ ದಾಟಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಖಾತರಿ ಬಂಡವಾಳಕ್ಕೆ ಮಾತ್ರ ಏಕೆ, ನೆಲಕ್ಕೆ ಏಕಿಲ್ಲ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ಅಜ್ಜನ ಮನೆ ಹಿನ್ನೀರಿನ ಅಡಿಯಲ್ಲಿದೆ. ವಿಶ್ವೇಶ್ವರಯ್ಯನವರ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಹಣಕ್ಕೂ ಒಂದು ಕಲಮು ಇರುತ್ತಿತ್ತು. ಅವಳು ಹೇಳಿದ ಕಲಮು ಅಲ್ಲಿಯೂ ತೆಳುವಾಗಿಯೇ ಇದೆಯೆಂದು ನಾನು ಹೇಳಬೇಕಾಯಿತು.

ಕಾರ್ಖಾನೆ ಕೈತಪ್ಪಿದ ಮೇಲೆ ಮುದುಕರು ಸುಮ್ಮನೆ ಕೂರಲಿಲ್ಲ. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿದರು. 1946ರಲ್ಲಿ, 85ನೆಯ ವಯಸ್ಸಿನಲ್ಲಿ, ಉದ್ಯಮಿಗಳ ತಂಡವೊಂದನ್ನು ಕರೆದುಕೊಂಡು ಮತ್ತೆ ಅಮೆರಿಕ, ಇಂಗ್ಲೆಂಡುಗಳ ಕಾರ್ಖಾನೆಗಳನ್ನು ಸುತ್ತಿ ಬಂದರು. 1951ರಲ್ಲಿ ತಮ್ಮ ದುಡಿಮೆಯ ನೆನಪುಗಳನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಬಂತು. ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಸ್ಥಾನದಲ್ಲಿ ಆ ವರ್ಷದವರೆಗೂ ಇದ್ದರು. ನೂರು ತುಂಬಿದ ಮೇಲೆ, 1962ರ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಂಸ್ಕಾರ ನಡೆಯಿತು. ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನಿಟ್ಟರು. ಆ ಬೇಸಗೆಯಲ್ಲಿ ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಫಿಯಟ್ ಕಾರುಗಳು ಹೊರಬರುತ್ತಿದ್ದುವು. ಇತ್ತ ಲಿಂಗನಮಕ್ಕಿಯಲ್ಲಿ ಕಟ್ಟೆ ಏಳುತ್ತಿತ್ತು, ಸಾಗರ ಹೊಸನಗರಗಳ ಹಳ್ಳಿಗಳು ಒಂದೊಂದಾಗಿ ಬರಿದಾಗುತ್ತಿದ್ದುವು.